ಶುಗರ್‌ಕ್ಯಾಂಡಿ ಎಂಬ ಸಮಾಸದ ಪೂರ್ವೋತ್ತರ

ಇಂಗ್ಲಿಷಿನ ಹಳೆಯ ನಾಟಕಗಳಲ್ಲಿಯೂ ವೈದ್ಯಗ್ರಂಥಗಳಲ್ಲಿಯೂ ಕಾಣಬರುವ, ಈಗ ಬಳಕೆಯಿಂದ ಬಹುಮಟ್ಟಿಗೆ ಜಾರಿಹೋಗಿರುವ ಸಮಸ್ತಪದಗಳಲ್ಲಿ ‘ಶುಗರ್‌ಕ್ಯಾಂಡಿ’ ಎಂಬುದೊಂದು. ಇದರ ಅರ್ಥ ಕಲ್ಲುಸಕ್ಕರೆ. ಅಮೆರಿಕದವರು ಪೂರ್ವಪದವನ್ನು ಬಿಟ್ಟು ‘ಕ್ಯಾಂಡಿ’ ಎಂದಷ್ಟೇ ಹೇಳಿ, ಅದಕ್ಕೆ ಮಿಠಾಯಿಯೆಂಬ ಸಾಮಾನ್ಯಾರ್ಥವನ್ನು ಕೊಟ್ಟುಕೊಂಡರು. ಇದರಿಂದ ಒಂದು ತೊಡಕು ಹುಟ್ಟಿತು. ಇಂದು ಇಂಗ್ಲಿಷನ್ನು ಓದುವವರು ಮೊದಲು ಕ್ಯಾಂಡಿಯನ್ನು ತಿಳಿದು, ಆಮೇಲೆ ಶುಗರ್‌ಕ್ಯಾಂಡಿಯನ್ನು ಕಾಣುತ್ತಾರಾದುದರಿಂದ, ಅದನ್ನು ‘ಸಕ್ಕರೆಯ ಮಿಠಾಯಿ’ ಎಂದು ಷಷ್ಠೀತತ್ಪುರುಷವಾಗಿ ಬಿಡಿಸುವುದು ವಾಡಿಕೆಯಾಗಿದೆ. ಶುಗರ್‌ಕೇನ್ ಎಂದರೆ ಸಕ್ಕರೆಯ ಜಲ್ಲೆಯಾಗುವಂತೆ ಇದೂ ಆಗಬೇಕೆಂಬುದು ಅವರ ಅಭಿಪ್ರಾಯ. ಈ ವಿಗ್ರಹವು ಸಾಧುವಲ್ಲ. ಇದು ತತ್ಪುರುಷವೇ ಅಲ್ಲ. ವಿಶೇಷಣವು ಉತ್ತರಪದವಾಗಿ ನಿಂತಿರುವ ಕರ್ಮಧಾರಯ. ಇದರ ಎರಡು ಅವಯವಗಳೂ ಭರತಖಂಡದಲ್ಲಿ ಹುಟ್ಟಿದವು. ಅವು ನಿಂತಿರುವ ಕ್ರಮ ಮಾತ್ರ ಅರಬರದು.

ಈ ವಿಚಾರವು ಬರಿಯ ಇಂಗ್ಲಿಷು ಪಾಠಕ್ಕೆ ಸಂಬಂಧಿಸಿದುದಲ್ಲ. ಅರ್ಥಶಾಸ್ತ್ರ, ಚರಕ, ಸುಶ್ರುತಗಳಲ್ಲಿ ಬರುವ ‘ಖಂಡ’ ಶಬ್ದಕ್ಕೆ ಇಂಗ್ಲಿಷು ಅನುವಾದಗಳ ಪ್ರಭಾವದಿಂದ ಕಲ್ಲುಸಕ್ಕರೆಯೆಂದು ಅರ್ಥ ಬರೆಯುವ ಪದ್ಧತಿ ಕನ್ನಡದಲ್ಲಿಯೂ ಬಂದಿದೆ. ಕ್ಯಾಂಡಿಯು ಖಂಡದಿಂದ ಬಂದಿತು, ಆದಕಾರಣ ಖಂಡವೆಂದರೆ ಕ್ಯಾಂಡಿ ಎಂಬ ಈ ಹಿಮ್ಮುಖವಾದ ಯುಕ್ತಿಯನ್ನು ಪರಿಶೀಲಿಸುವುದಕ್ಕೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಗಿಂತ ಯೋಗ್ಯವಾದ ಸ್ಥಳ ದೊರೆಯುವುದು ಕಷ್ಟ. ಕಬ್ಬಿನ ಹಾಲು ಪಾಕವಾಗಿ, ಪಾಕವು ಬೆಲ್ಲವಾಗಿ ಗಟ್ಟಿಗೊಳ್ಳುವುದನ್ನು ಅಲ್ಲಿಯ ಆಲೆಮನೆಗಳಲ್ಲಿ ಕಣ್ಣಾರೆ ನೋಡಬಹುದು. ಅದೇ ಹಾಲು ಬಿಳಿಯ ಹರಳಾಗುವುದನ್ನು ಕಾರ್ಖಾನೆಯಲ್ಲಿ ನೋಡಬಹುದು. ಶಾಸ್ತ್ರಗ್ರಂಥಗಳ ಹೆಸರುಗಳಿಗೆ ವಸ್ತುವನ್ನು ಎದುರಿಗಿಟ್ಟುಕೊಂಡು ಅರ್ಥ ಹೇಳಬೇಕೇ ಹೊರತು, ನಿಘಂಟಿಗೆ ನಿಘಂಟನ್ನು ತಾಳೆ ನೋಡಿ ಅಲ್ಲ.

ಮೊದಲು ಪೂರ್ವಪದವನ್ನು ನೋಡೋಣ. ‘ಶರ್ಕರಾ’ ಶಬ್ದಕ್ಕೆ ಸಿಹಿಯ ಸಂಬಂಧ ಆದಿಯಲ್ಲಿ ಇರಲಿಲ್ಲ. ಹರಳು, ಮೊರಳು, ಗರಸುಕಲ್ಲು ಎಂಬುದೇ ಅದರ ಮೂಲಾರ್ಥ. ಪಾಣಿನಿಯು ಐದನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಅದನ್ನು ಸಿಕತಾ, ಎಂದರೆ ಮರಳು, ಎಂಬುದರ ಜೊತೆಗಿಟ್ಟು ತದ್ಧಿತಪ್ರತ್ಯಯವನ್ನು ವಿಧಿಸುತ್ತಾನೆ. ಅಲ್ಲಿ ಉದ್ದೇಶಿಸಿರುವುದು ಗರಸುನೆಲವನ್ನು, ಪಾನಕವನ್ನಲ್ಲ. ವೈದ್ಯರು ಮೂತ್ರದಲ್ಲಿ ಬೀಳುವ ಹರಳಿಗೂ ಶರ್ಕರೆಯೆಂದೇ ಹೆಸರಿಟ್ಟಿದ್ದಾರೆ. ಕಬ್ಬಿನ ರಸವನ್ನು ಹರಳುಗಟ್ಟಿಸುವ ವಿದ್ಯೆ ಬೆಳೆದ ಮೇಲೆ, ನೋಟಕ್ಕೆ ಗರಸಿನಂತಿದ್ದ ಆ ದ್ರವ್ಯಕ್ಕೆ ಈ ಹೆಸರು ಉಪಮಾನದಿಂದ ಬಂದಿತು. ಕನ್ನಡಿಗರು ಅದನ್ನು ಪ್ರಾಕೃತದ ಮೂಲಕ ಸಕ್ಕರೆಯೆಂದು ಪಡೆದು, ಅದರ ಹರಳುರೂಪಕ್ಕೆ ಮತ್ತೆ ಕಲ್ಲನ್ನು ಸೇರಿಸಿ ಕಲ್ಲುಸಕ್ಕರೆ ಎಂದರು. ಮೂಲಾರ್ಥವನ್ನು ಹಿಡಿದರೆ ಇದು ‘ಕಲ್ಲುಕಲ್ಲು’ ಎಂದಾಗುತ್ತದೆ! ಹಳೆಯ ಶಬ್ದದ ಅರ್ಥ ಮರೆತ ಮೇಲೆ ಅದೇ ಅರ್ಥವನ್ನು ಹೊಸ ಶಬ್ದದಿಂದ ಸೇರಿಸುವುದು ಎಲ್ಲ ಭಾಷೆಗಳಲ್ಲಿಯೂ ಉಂಟು. ಸಂಸ್ಕೃತದಲ್ಲಿಯೇ ‘ಸಿತೋಪಲಾ’ ಎಂಬ ಹೆಸರಿದೆ. ಬಿಳಿಯ ಕಲ್ಲು ಎಂದು ಅದರ ಅವಯವಾರ್ಥ. ಚೀನೀಯರು ಗಟ್ಟಿಸಕ್ಕರೆಯನ್ನು ‘ಶಿಮೀ’, ಎಂದರೆ ಕಲ್ಲುಜೇನು, ಎಂದು ಕರೆದರು. ಸಕ್ಕರೆ ಮಾಡುವ ಕ್ರಮವನ್ನು ಕಲಿತುಬರಲು ಚೀನದ ಚಕ್ರವರ್ತಿಯು 647ರ ಸುಮಾರಿನಲ್ಲಿ ಮಗಧಕ್ಕೆ ಜನರನ್ನು ಕಳುಹಿಸಿದನೆಂದು ಅವರ ಇತಿಹಾಸಗ್ರಂಥದಲ್ಲಿ ಉಕ್ತವಾಗಿದೆ.

ಪಶ್ಚಿಮಕ್ಕೆ ಈ ಶಬ್ದವು ಎರಡು ಸಲ ಹೋಯಿತು. ಮೊದಲನೆಯ ಸಲ ಹೋದದ್ದು ಗ್ರೀಕರಲ್ಲಿಗೆ. ಕ್ರಿಸ್ತಶಕದ ಮೊದಲನೆಯ ಶತಮಾನದ ಡಯೊಸ್ಕೊರಿಡೀಸ್ ಎಂಬ ವೈದ್ಯನು ‘ಸಾಖ್ಖರೋನ್’ ಎಂಬುದನ್ನು ಇಂಡಿಯಾದ ಜೊಂಡುಗಳಲ್ಲಿ ದೊರೆಯುವ, ಉಪ್ಪಿನಂತೆ ಹಲ್ಲಿಗೆ ಸಿಕ್ಕಿ ಪುಡಿಯಾಗುವ ಒಂದು ಬಗೆಯ ಜೇನೆಂದು ವರ್ಣಿಸಿದ್ದಾನೆ. ಅದೇ ಶತಮಾನದ ‘ಪೆರಿಪ್ಲಸ್’ ಎಂಬ ನಾವಿಕಗ್ರಂಥದಲ್ಲಿ ಈ ಜೊಂಡಿನ ಜೇನು ಭರುಕಚ್ಛದ ಕಡೆಯಿಂದ ಆಫ್ರಿಕದ ಪೂರ್ವತೀರಕ್ಕೆ ಹೋಗುತ್ತಿದ್ದ ಸರಕುಗಳ ಸಾಲಿನಲ್ಲಿದೆ. ಗ್ರೀಕ ಶಬ್ದದಲ್ಲಿರುವ ಮಹಾಪ್ರಾಣವನ್ನು ಗಮನಿಸಬೇಕು. ಸಂಸ್ಕೃತದ ಶರ್ಕರೆಯಲ್ಲಿ ಅದಿಲ್ಲ. ಪಾಳಿಯ ‘ಸಕ್ಖರಾ’ ಶಬ್ದದಲ್ಲಿದೆ. ಆದುದರಿಂದ ಯವನರ ಕಿವಿಗೆ ಬಿದ್ದದ್ದು ಪಂಡಿತರ ಸಂಸ್ಕೃತವಲ್ಲ, ವರ್ತಕರ ಪ್ರಾಕೃತ. ಎರಡನೆಯ ಸಲ ಹೋದದ್ದು ಪಾರಸೀಕರ ಮೂಲಕ. ಅವರು ‘ಶಕರ್’ ಎಂದರು. ಅರಬರು ‘ಸುಕ್ಕರ್’ ಎಂದರು. ಅರಬರಿಂದ ಮಧ್ಯಯುಗದ ಲ್ಯಾಟಿನ್ನಿಗೂ ಇಟಾಲಿಯನ್ನಿನ ‘ಜುಕ್ಕೆರೊ’, ಫ್ರೆಂಚಿನ ‘ಸುಕ್ರ್’ ಎಂಬ ರೂಪಗಳಿಗೂ ಇಳಿದು, 13ನೆಯ ಶತಮಾನದ ಕೊನೆಗೆ ಇಂಗ್ಲಿಷನ್ನು ಸೇರಿತು.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸಬೇಕಾಗಿದೆ. ‘ಶುಗರ್’ ಎಂಬುದರ ಆದಿಯಲ್ಲಿ ಕೇಳಿಸುವ ಶಕಾರವು ಶರ್ಕರೆಯ ಶಕಾರವೇ ಉಳಿದು ಬಂದುದೆಂದು ಹೇಳಿ ಸಂತೋಷಪಡುವವರುಂಟು. ಸಂತೋಷವು ಅಸ್ಥಾನದಲ್ಲಿದೆ. ಅರಬ್ಬೀ, ಲ್ಯಾಟಿನ್, ಫ್ರೆಂಚುಗಳಲ್ಲಿ ಆ ಸ್ಥಾನದಲ್ಲಿದ್ದುದು ದಂತ್ಯ ಸಕಾರ. ಇಂಗ್ಲಿಷಿನೊಳಗೇ, ‘ಶೂರ್’ ಎಂದು ಉಚ್ಚರಿಸುವ ನಿಶ್ಚಯಾರ್ಥಕ ಶಬ್ದದಲ್ಲಿ ಆದಂತೆ, ಸಕಾರಕ್ಕೆ ಯಕಾರದ ಸಂಸರ್ಗವಾಗಿ ತಾಲವ್ಯವು ಹೊಸದಾಗಿ ಹುಟ್ಟಿತು. ಕಳೆದುಹೋದ ಒಡವೆಗೆ ಬದಲಾಗಿ ಬೇರೊಬ್ಬ ಅಕ್ಕಸಾಲೆ ಅದೇ ಮಾದರಿಯದನ್ನು ಮಾಡಿಕೊಟ್ಟಂತಾಯಿತು.

ಇನ್ನು ಉತ್ತರಪದ. ಇದೇ ವಿವಾದದ ಮೂಲ. ಕ್ಯಾಂಡಿಯೆಂಬುದು ಬಿಳುಪೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದಿತೆಂದು ಕೆಲವರು, ಕ್ರೀಟ್ ದ್ವೀಪದ ಕ್ಯಾಂಡಿಯಾ ನಗರದ ಹೆಸರಿನಿಂದ ಬಂದಿತೆಂದು ಕೆಲವರು ಹೇಳುವುದುಂಟು. ಎರಡೂ ಧ್ವನಿಸಾಮ್ಯದಿಂದಾದ ಊಹೆಗಳು. ಕ್ಯಾಂಡಿಯಾ ನಗರದ ಹೆಸರು ಕಂದಕ ಎಂಬ ಅರ್ಥದ ಅರಬ್ಬೀ ‘ಖಂದಕ್’ ಶಬ್ದದಿಂದ ಬಂದುದು. ಅಲ್ಲಿ ಅಗೆದುದು ಅಗಳು, ಸಕ್ಕರೆಯಲ್ಲ. ಲ್ಯಾಟಿನ್ ಧಾತುವಿನ ಪಕ್ಷದಲ್ಲಿ ಇಟಾಲಿಯನ್ ಮತ್ತು ಫ್ರೆಂಚು ರೂಪಗಳ ಅಂತ್ಯದಲ್ಲಿರುವ ಇಕಾರಕ್ಕೆ ಗತಿಯೇ ಇಲ್ಲ. ಆ ಇಕಾರವೇ ಇಲ್ಲಿ ಮುಖ್ಯವಾದ ಪ್ರಮಾಣ. ಸಂಸ್ಕೃತದ ‘ಖಂಡ’ವನ್ನು ಪಾರಸೀಕರು ಮಹಾಪ್ರಾಣವನ್ನೂ ಮೂರ್ಧನ್ಯವನ್ನೂ ಬಿಟ್ಟು ‘ಕಂದ್’ ಎಂದರು. ಅರಬರು ಅದಕ್ಕೆ ಸಂಬಂಧಾರ್ಥದ ಈಕಾರವನ್ನು ಹಚ್ಚಿ ‘ಕಂದೀ’ ಎಂದು ವಿಶೇಷಣ ಮಾಡಿದರು. ನಮ್ಮವರ ಪರಿಭಾಷೆಯಲ್ಲಿ ಇದು ತದ್ಧಿತ. ಈಜಿಪ್ಟಿಗೆ ಸಂಬಂಧಿಸಿದುದು ಮಿಸ್ರೀ, ಚೀನಕ್ಕೆ ಸಂಬಂಧಿಸಿದುದು ಚೀನೀ ಎಂದು ಉತ್ತರದವರು ಕಲ್ಲುಸಕ್ಕರೆಗೂ ಬಿಳಿಸಕ್ಕರೆಗೂ ಇಟ್ಟುಕೊಂಡ ಹೆಸರುಗಳಲ್ಲಿರುವುದೂ ಇಂಥದೇ ಈಕಾರ. ಭಾರತವು ಕಲಿಸಿದ ವಿದ್ಯೆಯ ಫಲವು ಅನ್ಯದೇಶಗಳ ಹೆಸರನ್ನು ಹೊತ್ತು ಭಾರತಕ್ಕೆ ಮರಳಿತೆಂಬುದೂ ಇದರಿಂದ ತಿಳಿಯುತ್ತದೆ. ಪ್ರಕೃತಕ್ಕೆ ಬೇಕಾದುದಿಷ್ಟು: ಇಂಗ್ಲಿಷಿನ ಕ್ಯಾಂಡಿಯ ಕೊನೆಯ ಅಕ್ಷರವು ಅರಬ್ಬೀ ತದ್ಧಿತಪ್ರತ್ಯಯದ ಅವಶೇಷ, ಆದಕಾರಣ ಅದು ಜನ್ಮತಃ ನಾಮವಲ್ಲ, ವಿಶೇಷಣ.

ಅರಬ್ಬಿಯಲ್ಲಿ ವಿಶೇಷಣವು ವಿಶೇಷ್ಯದ ಹಿಂದೆ ನಿಲ್ಲುತ್ತದೆ. ಇಟಾಲಿಯನ್ ಮತ್ತು ಫ್ರೆಂಚುಗಳಲ್ಲಿಯೂ ಪ್ರಾಯಿಕವಾಗಿ ಹಾಗೆಯೇ. ಹೀಗಾಗಿ ‘ಸುಕ್ಕರ್ ಕಂದೀ’ ಎಂಬುದು ಕ್ರಮಭಂಗವಿಲ್ಲದೆ ‘ಜುಕ್ಕೆರೊ ಕಂದೀ’, ‘ಸುಕ್ರ್ ಕಾಂದೀ’ ಆಗಿ, 14ನೆಯ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂದಿತು. ಇಂಗ್ಲಿಷಿನಲ್ಲಿ ವಿಶೇಷಣವು ಮುಂದೆ ಬರಬೇಕು. ಆದರೆ ಎರವಲು ಬಂದ ಜೋಡಿಯನ್ನು ಯಾರೂ ತಿರುಗಿಸಿ ಕೂಡಿಸಲಿಲ್ಲ. ಅಟಾರ್ನಿ ಜನರಲ್, ಕೋರ್ಟ್ ಮಾರ್ಷಲ್ ಮೊದಲಾದ ಫ್ರೆಂಚು ಮೂಲದ ಸಮಾಸಗಳು ಇಂದಿಗೂ ಹೀಗೆಯೇ ಇವೆ. ಅವುಗಳ ಬಹುವಚನಪ್ರತ್ಯಯವು ಪೂರ್ವಪದಕ್ಕೆ ಹತ್ತುವುದನ್ನು ಅಧ್ಯಾಪಕರು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಲೇ ಇದ್ದಾರೆ. ಜರ್ಮನರು ಹಾಗೆ ಬಿಡಲಿಲ್ಲ. ತಮ್ಮ ಭಾಷೆಯ ರೀತಿಗೆ ತಿರುಗಿಸಿ ‘ಕಾಂಡಿಸ್‌ತ್ಸುಕರ್’ ಎಂದು ಖಂಡವನ್ನು ಮೊದಲಿಗೆ ತಂದರು. ನಮ್ಮ ಹಳೆಯ ಮಾತಾದ ‘ಖಂಡಸಕ್ಕರೆ’, ‘ಕಂಡಸಕ್ಕರೆ’ ಎಂಬುದರ ಕ್ರಮವೂ ತೆಲುಗಿನ ‘ಕಂಡಚಕ್ಕೆರ’ದ ಕ್ರಮವೂ ಇದೇ.

ಪಾಣಿನೀಯರಿಗೆ ಈ ವ್ಯತ್ಯಾಸ ಹೊಸದಲ್ಲ. ವಿಶೇಷಣವು ಉಪಸರ್ಜನವಾಗಿ ಪೂರ್ವದಲ್ಲಿ ನಿಲ್ಲಬೇಕೆಂಬುದು ಸಾಮಾನ್ಯವಿಧಿ. ಕಡಾರಾದಿಗಣದ ಶಬ್ದಗಳಿಗೆ ಕರ್ಮಧಾರಯದಲ್ಲಿ ಪೂರ್ವನಿಪಾತವು ವಿಕಲ್ಪವೆಂದು ಎರಡನೆಯ ಅಧ್ಯಾಯದ ಎರಡನೆಯ ಪಾದದ ಕೊನೆಯ ಸೂತ್ರವು ಹೇಳುತ್ತದೆ. ವಿಶೇಷಣವು ಹಿಂದೆ ನಿಂತ ಮಾತ್ರಕ್ಕೆ ಸಮಾಸವು ಬೇರೆ ಜಾತಿಯದಾಗುವುದಿಲ್ಲ. ಶುಗರ್‌ಕ್ಯಾಂಡಿಗೆ ‘ಖಂಡರೂಪವಾದ ಶರ್ಕರೆ’ ಎಂದು ವಿಗ್ರಹ ಮಾಡಬೇಕು. ‘ಶರ್ಕರೆಯ ಖಂಡ’ ಎಂದಲ್ಲ. ಇಂಗ್ಲಿಷರೇ ಉತ್ತರಪದವನ್ನು ಪ್ರಧಾನವೆಂದು ತಪ್ಪಾಗಿ ಬಗೆದದ್ದರಿಂದ ಅದು ಸಮಾಸದಿಂದ ಕಳಚಿ ಸ್ವತಂತ್ರ ನಾಮವಾಯಿತು. ವಿಶೇಷ್ಯವನ್ನು ಹೊರದೂಡಿ ವಿಶೇಷಣವೇ ಮನೆಯ ಯಜಮಾನನಾದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ವಿರಳ.

ಶೇಕ್ಸ್‌ಪಿಯರನ ಕಾಲದಲ್ಲಿ ಇನ್ನೂ ಹಾಗಾಗಿರಲಿಲ್ಲ. 1598ರಲ್ಲಿ ಅಚ್ಚಾದ ನಾಲ್ಕನೆಯ ಹೆನ್ರಿಯ ನಾಟಕದ ಮೊದಲನೆಯ ಭಾಗದಲ್ಲಿ, ಫಾಲ್‌ಸ್ಟಾಫನ ಜೇಬಿನಲ್ಲಿ ಏನಿದ್ದೀತೆಂದು ರಾಜಕುಮಾರನು ಹಾಸ್ಯಮಾಡುವಾಗ, ಹೋಟೆಲಿನ ಲೆಕ್ಕದ ಚೀಟಿಗಳ ಜೊತೆಗೆ ಒಂದು ಪೆನ್ನಿಯ ಶುಗರ್‌ಕ್ಯಾಂಡಿಯನ್ನು ಹೇಳುತ್ತಾನೆ. ಅದು ಸ್ಥೂಲಕಾಯನಾದ ಆ ಮನುಷ್ಯನಿಗೆ ಉಸಿರು ಹೆಚ್ಚಲೆಂದು. ತಿನಿಸಾಗಿ ಅಲ್ಲ, ಶ್ವಾಸಕ್ಕೆ ಔಷಧವಾಗಿ ಎಂಬುದನ್ನು ಇಂಗ್ಲಿಷು ವ್ಯಾಖ್ಯಾನಕಾರರು ಹೇಳಿದರೂ, ಅದು ಯಾವ ವೈದ್ಯಸಂಪ್ರದಾಯದ ನೆರಳೆಂಬುದು ಆಯುರ್ವೇದವನ್ನು ಬಲ್ಲವರಿಗೆ ಹೊಳೆಯುತ್ತದೆ. ಚರಕಸಂಹಿತೆಯ ರಾಜಯಕ್ಷ್ಮಚಿಕಿತ್ಸೆಯಲ್ಲಿ ಬರುವ ಸಿತೋಪಲಾದಿ ಚೂರ್ಣವು ಕಾಸಶ್ವಾಸಗಳಿಗೆ ಹೇಳಿದುದು. ಅದರಲ್ಲಿ ಕಲ್ಲುಸಕ್ಕರೆ 16 ಭಾಗ, ವಂಶಲೋಚನ 8, ಹಿಪ್ಪಲಿ 4, ಏಲಕ್ಕಿ 2, ದಾಲ್ಚಿನ್ನಿ 1. ಕೆಮ್ಮಿದ ಮಗುವಿಗೆ ಅಜ್ಜಿಯರು ಬಾಯಿಗಿಡುವ ಕಲ್ಲುಸಕ್ಕರೆಯೂ ಫಾಲ್‌ಸ್ಟಾಫನ ಜೇಬಿನ ತುಂಡೂ ಒಂದೇ ಉದ್ದೇಶಕ್ಕೆ ಸಂದವು.

ಈಗ ಪ್ರಶ್ನೆ: ಖಂಡದಿಂದ ಕ್ಯಾಂಡಿ ಬಂದಿತೆಂಬುದು ಸಿದ್ಧವಾದ ಮೇಲೆ, ಶಾಸ್ತ್ರಗಳ ಖಂಡವನ್ನು ಕಲ್ಲುಸಕ್ಕರೆಯೆನ್ನಬಹುದೆ? ಅನ್ನಲಾಗದು. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ಕೋಷ್ಠಾಗಾರಾಧ್ಯಕ್ಷಪ್ರಕರಣದಲ್ಲಿ ಕ್ಷಾರವರ್ಗವೆಂಬ ಹೆಸರಿನಿಂದ ಐದು ದ್ರವ್ಯಗಳನ್ನು ಎಣಿಸಿದೆ: ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ. ಚರಕನು ಮತ್ಸ್ಯಂಡಿಕಾ, ಖಂಡ, ಶರ್ಕರಾ ಎಂಬ ಕ್ರಮದಲ್ಲಿ ಒಂದಕ್ಕಿಂತ ಮುಂದಿನದು ನಿರ್ಮಲವೆನ್ನುತ್ತಾನೆ. ಸುಶ್ರುತನ ಇಕ್ಷುವರ್ಗದಲ್ಲಿಯೂ ಶುದ್ಧಿಯ ತಾರತಮ್ಯ ಹೀಗೆಯೇ. ಎಂದರೆ ಖಂಡವು ಶರ್ಕರೆಗಿಂತ ಒಂದು ಮೆಟ್ಟಲು ಕೆಳಗಿನದು, ಇನ್ನೂ ಕೊಳೆ ಕಳೆಯದ ದ್ರವ್ಯ. ಹಿಂದಿಯ ‘ಖಾಂಡ್’ ಎಂಬುದು ಇಂದಿಗೂ ಹೊಂಬಣ್ಣದ ಪುಡಿಸಕ್ಕರೆಗೇ ಸಲ್ಲುತ್ತದೆ. ಖಂಡಸಾರಿಯೆಂಬ ವ್ಯಾಪಾರದ ಹೆಸರಿನ ಅರ್ಥವೂ ಅದೇ. ಯೂರೋಪಿನ ಶುಗರ್‌ಕ್ಯಾಂಡಿಯಾದರೋ ಸಕ್ಕರೆಗಿಂತ ಮೇಲಿನ ಮೆಟ್ಟಲಿನದು, ಗಾಜಿನಂತೆ ತಿಳಿಯಾದ ಹರಳು. ಖಂಡಕ್ಕೆ ಹರಳೆಂಬ ಅರ್ಥವು ಪಾರಸೀಕ ಮತ್ತು ಅರಬ್ಬೀ ದೇಶಗಳ ಶೋಧನಾಲಯಗಳಲ್ಲಿ ಕೂಡಿದುದು. ಪಶ್ಚಿಮದಲ್ಲಿ ಪಡೆದ ಅರ್ಥವನ್ನು ಕೌಟಿಲ್ಯನ ಕೋಷ್ಠಾಗಾರಕ್ಕೆ ಹೊತ್ತು ತಂದು ಸುರಿಯುವುದು ನ್ಯಾಯವಲ್ಲ. ಹಾಗೆ ಮಾಡಿದರೆ ಚರಕನ ತಾರತಮ್ಯವು ತಲೆಕೆಳಗಾಗುತ್ತದೆ. ಖಂಡವೆಂದಲ್ಲಿ ಕಲ್ಲುಸಕ್ಕರೆಯನ್ನು ಹಾಕಿದ ವೈದ್ಯನು ಶಾಸ್ತ್ರವು ಬೇಡಿದ ದ್ರವ್ಯವನ್ನು ಬಿಟ್ಟು ಬೇರೊಂದನ್ನು ಹಾಕಿದಂತಾಗುತ್ತದೆ.

ತಮಿಳಿನ ‘ಕಱ್ಕಂಡು’, ಮಲೆಯಾಳದ ‘ಕಲ್ಕಂಡಂ’ ಎಂಬ ಮಾತುಗಳನ್ನು ಮುಂದಿಟ್ಟು, ಕಂಡು ಎಂಬುದು ದ್ರಾವಿಡವೇ, ಸಂಸ್ಕೃತವು ಅದನ್ನು ಎರವಲು ತಂದಿತು ಎಂದು ವಾದಿಸುವ ವಿದ್ವಾಂಸರಿದ್ದಾರೆ. ಈ ಮಾತು ಮಳವಳ್ಳಿಯವರ ಕಿವಿಗೆ ಹೊರತಲ್ಲ. ಕಾವೇರಿಯ ಆಚೆಯ ಕೊಳ್ಳೇಗಾಲವು 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆದರೆ ಆ ಪಕ್ಷವನ್ನು ಒಪ್ಪಿದರೂ ಪ್ರಕೃತಕ್ಕೆ ಬಾಧಕವಿಲ್ಲ. ಪಾರಸೀಕಕ್ಕೆ ದಾರಿ ಹೊರಟದ್ದು ಉತ್ತರದ ಭಾಷೆಗಳಿಂದ. ಮೇಲಾಗಿ, ತಮಿಳರೂ ಕಂಡುವಿನ ಹಿಂದೆ ಕಲ್ಲನ್ನು ಸೇರಿಸಿಕೊಂಡದ್ದನ್ನು ನೋಡಿದರೆ, ಬರಿಯ ಕಂಡು ಎಂಬುದು ಹರಳನ್ನು ಹೇಳಲು ಅವರಿಗೂ ಸಾಲಲಿಲ್ಲವೆಂದಾಗುತ್ತದೆ.

ಕನ್ನಡದಲ್ಲಿ ರೈತನ ಮಾತು ಬೇರೆ, ಅಂಗಡಿಯ ಮಾತು ಬೇರೆ. ಕಬ್ಬು ಹಳಗನ್ನಡದ ಕರ್ಬು, ತಮಿಳಿನ ಕರುಂಬು. ಆಲೆ ತಮಿಳಿನ ಆಲೈ. ಬೆಲ್ಲ ತಮಿಳಿನ ವೆಲ್ಲ. ಇವು ಮೂರೂ ಅಚ್ಚ ದೇಶ್ಯ. ಜೋನಿಬೆಲ್ಲ, ಅಚ್ಚುಬೆಲ್ಲ, ಉಂಡೆಬೆಲ್ಲ ಎಂದು ಬೆಲ್ಲದ ಅವಸ್ಥೆಗಳಿಗೆಲ್ಲ ದೇಶ್ಯವಾದ ಹೆಸರುಗಳೇ ಇವೆ. ಫಾಣಿತಕ್ಕೂ ಗುಡಕ್ಕೂ ನೇರಾಗಿ ಹೊಂದುವವು ಇವೇ. ಸಕ್ಕರೆಯ ಮಟ್ಟಕ್ಕೆ ಬಂದೊಡನೆ ತದ್ಭವವು ಪ್ರಾರಂಭವಾಗುತ್ತದೆ. ಈ ಸೀಮೆಯ ಆರ್ಥಿಕ ಇತಿಹಾಸವೂ ಇದನ್ನೇ ಹೇಳುತ್ತದೆ. 1800ರಲ್ಲಿ ಮೈಸೂರು ರಾಜ್ಯವನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ನನು, ಶ್ರೀರಂಗಪಟ್ಟಣದ ಸುತ್ತಿನಲ್ಲಿ ರಸ್ತಾಳಿ, ಪಟ್ಟಾಪಟ್ಟಿ ಎಂಬ ಕಬ್ಬುಗಳೆರಡರಿಂದಲೂ ಬೆಲ್ಲ ಮಾಡುತ್ತಿದ್ದರೆಂದೂ ಸಕ್ಕರೆಯನ್ನು ಮಾತ್ರ ಪಟ್ಟಾಪಟ್ಟಿಯಿಂದಲೇ ತೆಗೆಯುತ್ತಿದ್ದರೆಂದೂ ಬರೆದಿದ್ದಾನೆ. ಮದ್ದೂರಿನಿಂದ ಬೆಂಗಳೂರಿನ ದಾರಿಯಲ್ಲಿರುವ ಚನ್ನಪಟ್ಟಣದಲ್ಲಿ ಅತಿ ಬಿಳುಪಾದ ಸಕ್ಕರೆಯನ್ನು ಮಾಡುವ ವಿದ್ಯೆ ಒಂದು ಮನೆಯವರಲ್ಲಿ ಗುಟ್ಟಾಗಿ ಉಳಿದಿದ್ದುದನ್ನೂ ಅವನು ಕಂಡನು. ಬೆಲ್ಲವು ಊರಿಗೆಲ್ಲ ತಿಳಿದದ್ದು, ಬಿಳಿಸಕ್ಕರೆ ಒಂದು ಮನೆಯ ಸ್ವತ್ತು! ವಸ್ತು ಹೀಗೆ ವಿರಳವಾಗಿದ್ದಾಗ ಅದರ ಹೆಸರುಗಳು ಪರಭಾಷೆಯಿಂದ ಬಂದುದರಲ್ಲಿ ಆಶ್ಚರ್ಯವಿಲ್ಲ. ಬುಕನನ್ನನು ಬೆಲ್ಲಕ್ಕೆ ಬಳಸಿದ ‘ಜಾಗರಿ’ ಎಂಬ ಮಾತೂ ಪೋರ್ಚುಗೀಸರ ಮೂಲಕ ಮಲೆಯಾಳದ ಚಕ್ಕರದಿಂದ, ಅಂತು ಶರ್ಕರೆಯಿಂದಲೇ ಬಂದುದು. ಹೀಗೆ ಇಂಗ್ಲಿಷಿನಲ್ಲಿ ಬೆಲ್ಲವೂ ಶರ್ಕರೆ, ಸಕ್ಕರೆಯೂ ಶರ್ಕರೆ. ಆಲೆಮನೆಯ ಆಳು ಮಾಡುವ ಭೇದವನ್ನು ಆ ಭಾಷೆಯು ಒಂದೇ ಮೂಲದ ಎರಡು ರೂಪಗಳಿಂದ ಮಾಡಿಕೊಂಡಿತು.

ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ 1847ರಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾಗಿ, ರೈತರ ಬೆಲ್ಲವನ್ನು ಕೊಂಡು ಶೋಧಿಸಿ ಸಕ್ಕರೆ ಮಾಡಿತು. ಅಲ್ಲಿ ಗುಡದಿಂದ ಶರ್ಕರೆ ಎಂಬ ಶಾಸ್ತ್ರದ ಕ್ರಮವು ಯಂತ್ರದಲ್ಲಿಯೂ ಉಳಿದಿತ್ತು. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ, ಎಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಮಂಡ್ಯ ಮದ್ದೂರು ಮಳವಳ್ಳಿಗಳ ಗದ್ದೆಗಳಿಗೆ ಹರಿದು, ಕೃಷಿ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಲೆಸ್ಲಿ ಕೋಲ್ಮನ್ನರ ಪ್ರಯತ್ನವೂ ಕೂಡಿ, 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಮಂಡ್ಯದಲ್ಲಿ ಹುಟ್ಟಿದ ಮೇಲೆ ಆ ಕ್ರಮವು ಮುರಿಯಿತು. ಅಲ್ಲಿ ಕಬ್ಬಿನ ಹಾಲು ಬೆಲ್ಲವಾಗದೆ, ಮತ್ಸ್ಯಂಡಿಕೆಯಾಗದೆ, ಖಂಡವಾಗದೆ, ನೇರಾಗಿ ಸಣ್ಣ ಹರಳಾಗಿ ಇಳಿಯಿತು. ಕಾಕಂಬಿ ಬೇರೆಯಾಗಿ ಹರಿಯಿತು. ಚೀಲಕ್ಕೆ ಬಿದ್ದ ಆ ಹರಳು ಪಾಣಿನಿಯ ಕಾಲದ ಗರಸಿನ ಅರ್ಥಕ್ಕೂ ಚರಕನ ವಿಮಲತ್ವಕ್ಕೂ ಒಟ್ಟಿಗೆ ಒಪ್ಪುವ ಶರ್ಕರೆ. ಅದನ್ನು ಮತ್ತೆ ನೀರಿನಲ್ಲಿ ಕರಗಿಸಿ, ಪಾಕವನ್ನು ಗಟ್ಟಿಮಾಡಿ, ನೂಲುಗಳನ್ನು ಇಳಿಬಿಟ್ಟು ಅಲುಗಿಸದೆ ಹಲವು ದಿನ ಇಟ್ಟರೆ ನೂಲಿನ ಸುತ್ತ ದಪ್ಪ ಹರಳು ಕಟ್ಟುತ್ತದೆ. ಅಂಗಡಿಯ ಕಲ್ಲುಸಕ್ಕರೆಯ ನಡುವೆ ಸಿಕ್ಕುವ ನೂಲು ಇದರದೇ ಗುರುತು. ಕನ್ನಡ ನಿಘಂಟಿನಲ್ಲಿ ಖಂಡಕ್ಕೂ ಶುಗರ್‌ಕ್ಯಾಂಡಿಗೂ ಬೇರೆ ಬೇರೆ ಅರ್ಥ ಬರೆಯಬೇಕಾದುದು ಈ ಕಾರಣಕ್ಕೆ: ಒಂದು ಶರ್ಕರೆಗಿಂತ ಮೊದಲು ಆಗುವುದು, ಇನ್ನೊಂದು ಶರ್ಕರೆಯಾದ ಮೇಲೆ ಆಗುವುದು.